ತುತ್ತೂರಿಯಿಂದ ಪುಟ್ಟ ಪೆಟ್ಟಿಗೆಯವರೆಗೆ

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಒಂದು ಕಾಲಕ್ಕೆ ಪಂಡಿತ ಭಾಸ್ಕರಬುವಾ ಬಖಲೆಯವರು ಸಂಗೀತದ ಶಿಕ್ಷಕರಾಗಿದ್ದರು. ಬಾಲಗಂಧರ್ವರಿಗೂ ಮಾಸ್ಟರ್ ಕೃಷ್ಣರಾಯರಿಗೂ ಗುರುಗಳೆನಿಸಿದ ಈ ಮಹನೀಯರು 1922ರಲ್ಲಿ ತೀರಿಕೊಂಡರು. ಅವರ ಕಾಲದವರೇ ಆದ ಇನ್ನೊಬ್ಬ ಗಾಯಕರು ಉಸ್ತಾದ್ ಅಬ್ದುಲ್ ಕರೀಮಖಾನರು. ಮಿರಜೆಯಲ್ಲಿ ನೆಲೆಸಿ, ನಮ್ಮ ಈ ಭಾಗಕ್ಕೆ ಮೇಲಿಂದ ಮೇಲೆ ಬಂದು ಹೋಗುತ್ತ, ಕುಂದಗೋಳದ ರಾಮಭಾವು ಎಂಬ ಹುಡುಗನನ್ನು ಸವಾಯಿ ಗಂಧರ್ವರನ್ನಾಗಿ ರೂಪಿಸಿದವರು ಇವರು. ಇವರು ತೀರಿಕೊಂಡದ್ದು 1937ರಲ್ಲಿ.

ಇಬ್ಬರೂ ದೊಡ್ಡವರು. ಇಬ್ಬರ ಹಾಡಿಕೆಯೂ ನಮ್ಮ ಹಿರಿಯರ ಕಿವಿಗೆ ಬಿದ್ದದ್ದು. ಆದರೆ ಇಂದು ತಾವು ಬಯಸಿದರೆ ಕರೀಮಖಾನರ ಧ್ವನಿಯನ್ನು ಮನೆಯಲ್ಲಿ ಕುಳಿತೇ ಕೇಳಬಹುದು. ಭಾಸ್ಕರಬುವಾ ಅವರ ಧ್ವನಿಯನ್ನು ಎಷ್ಟು ಬಯಸಿದರೂ ಕೇಳಲಾಗದು. ಅದು ಎಲ್ಲಿಯೂ ಮುದ್ರಣಗೊಂಡು ಉಳಿದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಗುರುಗಳಾದ ಮಂಜಿಖಾನರಿಗೂ ಬುರ್ಜಿಖಾನರಿಗೂ ತಂದೆಯಾದ ಉಸ್ತಾದ್ ಅಲ್ಲಾದಿಯಾಖಾನರ ಸ್ಥಿತಿಯೂ ಇದೇ. ಜಯಪುರ-ಅತ್ರೌಳಿ ಘರಾಣೆಯ ಮೂಲಪುರುಷರು ಅವರು. 1946ರ ವರೆಗೆ ಬದುಕಿದ್ದರು. ಆ ಹೊತ್ತಿಗೆ ಧ್ವನಿಮುದ್ರಣದ ಯಂತ್ರಗಳು ನಮ್ಮ ದೇಶಕ್ಕೆ ಬಂದು ನಾಲ್ವತ್ತು ವರ್ಷಗಳ ಮೇಲಾಗಿತ್ತು. ಆದರೂ ಅವರ ಗಾಯನದ ಒಂದು ತಟ್ಟೆಯೂ ಇಲ್ಲ.

ಧ್ವನಿಯೊಂದು ಉಳಿದರೆ ಏನಾಗುತ್ತದೆಂಬದಕ್ಕೂ ನಮ್ಮ ಸೀಮೆಯದೇ ಸಾಕ್ಷಿಯಿದೆ. ಗದಗಿನ ಬಾಲಕ ಭೀಮಸೇನ ಜೋಶಿ ಅಂಗಡಿಯಲ್ಲಿ ಹಾಕಿದ್ದ ಕರೀಮಖಾನರ ಝಿಂಝೋಟಿ ಠುಮರಿಯ ತಟ್ಟೆಗೆ ಮರುಳಾಗಿ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆ ತಟ್ಟೆ ಇರದಿದ್ದರೆ ಆ ಹುಡುಗನ ದಾರಿ ಯಾವ ಕಡೆಗೆ ತಿರುಗುತ್ತಿತ್ತೊ ಯಾರು ಬಲ್ಲರು?

ಇಷ್ಟೆಲ್ಲ ಪೀಠಿಕೆ ಏತಕ್ಕೆಂದರೆ, ಇಂದು ಧ್ವನಿ ಹಿಡಿಯುವ ಕೆಲಸ ಮುಂಬಯಿಯ ಕಂಪನಿಯವರದಾಗಿ ಉಳಿದಿಲ್ಲ, ಆಕಾಶವಾಣಿಯವರದು ಮಾತ್ರವೂ ಅಲ್ಲ. ಅಂಗೈಯಗಲದ ಒಂದು ಪೆಟ್ಟಿಗೆ, ಒಂದು ಮೈಕು, ಒಂದು ಕಂಪ್ಯೂಟರು ಇದ್ದರೆ ತಮ್ಮ ಮನೆಯ ಪಡಸಾಲೆಯೇ ಸ್ಟುಡಿಯೋ ಆಗಬಲ್ಲದು. ಆ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಎಂದು ಹೆಸರು. ಅದನ್ನು ಆರಿಸುವ ಮತ್ತು ಹೂಡುವ ಬಗೆಯನ್ನು ಹೇಳುವದು ಈ ಲೇಖನದ ಉದ್ದೇಶ. ಆದರೆ ಅದರೊಳಗಿನ ಒಂದೊಂದು ಗುಬುಟಿಗೂ ಒಂದೊಂದು ಇತಿಹಾಸವಿದೆ. ಆ ಇತಿಹಾಸ ತಿಳಿದವರಿಗೆ ಪೆಟ್ಟಿಗೆಯೂ ಬೇಗ ತಿಳಿಯುತ್ತದೆ. ಆದುದರಿಂದ ಮೊದಲು ಕಥೆ, ಆಮೇಲೆ ಪೆಟ್ಟಿಗೆ.

ತುತ್ತೂರಿಯ ಕಾಲ

ಅಮೇರಿಕೆಯ ಎಡಿಸನ್ನರು 1877ರಲ್ಲಿ ಉರುಳೆಯ ಮೇಲೆ ಧ್ವನಿಯನ್ನು ಗೀರಿ ತೋರಿಸಿದರು. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಎಂಬವರು ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ಬಳಸುವ ಗ್ರಾಮಫೋನಿಗೆ ಹಕ್ಕು ಪಡೆದರು. ಉರುಳೆಗಿಂತ ತಟ್ಟೆಯನ್ನು ಅಚ್ಚೊತ್ತುವದು ಸುಲಭ. ಹೀಗಾಗಿ ಲೋಕದಲ್ಲೆಲ್ಲ ತಟ್ಟೆಯೇ ಹಬ್ಬಿತು. 1902ರಲ್ಲಿ ಫ್ರೆಡ್ ಗೈಸ್ಬರ್ಗ್ ಎಂಬ ತಂತ್ರಜ್ಞರು ಕಲಕತ್ತೆಗೆ ಬಂದಿಳಿದು ನಮ್ಮ ದೇಶದ ಗಾಯಕರ ಧ್ವನಿಗಳನ್ನು ಹಿಡಿಯತೊಡಗಿದರು.

ಆಗ ಮೈಕು ಎಂಬ ವಸ್ತು ಈ ಕೆಲಸಕ್ಕೆ ಬಂದಿರಲಿಲ್ಲ. ದೊಡ್ಡ ತುತ್ತೂರಿಯೊಂದರ ಬಾಯಿಗೆ ಮುಖ ಕೊಟ್ಟು ಗಾಯಕನು ಗಟ್ಟಿಯಾಗಿ ಹಾಡಬೇಕು. ತುತ್ತೂರಿಯ ಇನ್ನೊಂದು ತುದಿಯ ತೆಳುಪೊರೆ ಅದುರಿ, ಅದಕ್ಕಂಟಿದ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಧ್ವನಿಯನ್ನು ಹೆಚ್ಚಿಸುವ ಉಪಾಯವೇ ಇಲ್ಲ. ಸೂಜಿಯನ್ನು ಓಡಿಸುವ ಶಕ್ತಿಯೆಲ್ಲ ಗಾಯಕನ ಎದೆಯಿಂದಲೇ ಬರಬೇಕು. ಹೀಗಿರುವಾಗ ತಂಬೂರಿಯ ಝೇಂಕಾರ, ಉಸಿರಿನ ಎಳೆ, ಮೆಲುದನಿಯ ಮೀಂಡು ಇವೆಲ್ಲ ಮೇಣದವರೆಗೆ ತಲುಪುತ್ತಲೇ ಇರಲಿಲ್ಲ.

ಗೈಸ್ಬರ್ಗರು ಹಿಡಿದ ಧ್ವನಿಗಳಲ್ಲಿ ಗೌಹರ್ ಜಾನಳದು ಹೆಸರಾದದ್ದು. ಹಾಡು ಮುಗಿದ ಮೇಲೆ ಆಕೆ ಇಂಗ್ಲೀಷಿನಲ್ಲಿ ತನ್ನ ಹೆಸರನ್ನು ತಾನೇ ಸಾರುತ್ತಿದ್ದಳು. ಇದು ಠೀವಿಗಾಗಿ ಅಲ್ಲ. ಮೇಣದ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗುತ್ತಿದ್ದವು. ಅಲ್ಲಿನ ಕೆಲಸಗಾರನಿಗೆ ಯಾರ ತಟ್ಟೆ ಯಾವದೆಂದು ಗೊತ್ತಾಗಬೇಡವೆ? ಹೆಸರು ಧ್ವನಿಯಲ್ಲಿಯೇ ಸೇರಿದ್ದರೆ ತಪ್ಪುವ ಭಯವಿಲ್ಲ. ಗೌಹರ್ ಜಾನ್ ಕೊನೆಗಾಲಕ್ಕೆ ನಮ್ಮ ಮೈಸೂರಿನಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆಕೆಯ ಈ ಪದ್ಧತಿಯನ್ನು ನೆನಪಿನಲ್ಲಿಡಿರಿ. ಲೇಖನದ ಕೊನೆಗೆ ಅದರ ಕೆಲಸವಿದೆ.

ಮೈಕು ಬಂದಿತು

1925ರ ಸುಮಾರಿಗೆ ವಿದ್ಯುತ್ತಿನ ಧ್ವನಿಮುದ್ರಣ ಬಳಕೆಗೆ ಬಂದಿತು. ಗಾಯಕನಿಗೂ ಸೂಜಿಗೂ ನಡುವೆ ಎರಡು ಹೊಸ ವಸ್ತುಗಳು ಸೇರಿದವು. ಒಂದು ಮೈಕು: ಗಾಳಿಯ ಅದುರನ್ನು ಅತಿ ಸಣ್ಣ ವಿದ್ಯುತ್ತಾಗಿ ಮಾಡುವದು. ಎರಡನೆಯದು ವರ್ಧಕ: ಆ ಸಣ್ಣ ವಿದ್ಯುತ್ತನ್ನು ಸಾವಿರ ಪಟ್ಟು ಹಿಗ್ಗಿಸುವದು. ಇದರಿಂದ ಗಾಯಕನ ಮೇಲಿದ್ದ ಭಾರ ಇಳಿಯಿತು. ಸಹಜವಾದ ಧ್ವನಿಯಲ್ಲಿ ಹಾಡಿದರೂ ಸೂಜಿ ಓಡಿತು.

ಈ ಹೊಸ ಸಾಧನ ಬಂದ ಕಾಲವೂ ನಮ್ಮ ಊರಿನ ಗಾಯಕರು ಪ್ರಾಯಕ್ಕೆ ಬಂದ ಕಾಲವೂ ಕೂಡಿಬಂದದ್ದು ನಮ್ಮ ಪುಣ್ಯ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ಗಂಗೂಬಾಯಿ ಹಾನಗಲ್ಲರು 1930ರ ದಶಕದ ಮೊದಲಿಗೆ ಎಚ್.ಎಂ.ವಿ. ಕಂಪನಿಗೆ ಹಾಡಿದರು. ಆ ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಎಂದಿತ್ತು, ಊರಿನ ಹೆಸರು ಹುಬ್ಬಳ್ಳಿ ಎಂದಿತ್ತು. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರ ತಟ್ಟೆಗಳೂ ಅದೇ ದಶಕದವು. ಗಂಗೂಬಾಯಿಯವರ ಆಗಿನ ಧ್ವನಿ ತೆಳುವಾದದ್ದು, ಎತ್ತರದ್ದು. ನಾವು ಮುಂದೆ ಕೇಳಿದ ಆ ಗಂಭೀರವಾದ ತುಂಬುಕಂಠವಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಕಂಠ ಬದಲಾಯಿತು. ತಟ್ಟೆಗಳು ಇರದಿದ್ದರೆ ಆ ಮೊದಲಿನ ಗಾಂಧಾರಿ ಎಂಬ ಗಾಯಕಿಯೊಬ್ಬಳಿದ್ದಳೆಂಬದನ್ನು ನಾವು ಬರಿಯ ಮಾತಿನಿಂದ ನಂಬಬೇಕಾಗುತ್ತಿತ್ತು.

ಆದರೆ ಆ ತಟ್ಟೆಗೆ ಒಂದು ದೊಡ್ಡ ಕಟ್ಟುಪಾಡು. ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಯುವದು ಮೂರು ಮಿನಿಟು, ಹೆಚ್ಚೆಂದರೆ ಮೂರೂವರೆ. ಒಂದು ರಾತ್ರಿಯೆಲ್ಲ ಹಾಡುವವರು ಮೂರು ಮಿನಿಟಿನಲ್ಲಿ ರಾಗದ ರೂಪ ನಿಲ್ಲಿಸಬೇಕು. ತಪ್ಪಿದರೆ ತಿದ್ದುವಂತಿಲ್ಲ, ಮೇಣ ಕೆಟ್ಟಂತೆಯೇ.

ಬಾನುಲಿಯ ಪಾಠ

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ದೇಶದ ಬಾನುಲಿಗೆಲ್ಲ ಆ ಹೆಸರು ಸಂದದ್ದು ಆಮೇಲೆ. ಮನೆಯೊಳಗಿನ ಸಣ್ಣ ಯಂತ್ರದಿಂದ ದೊಡ್ಡ ಕೆಲಸವಾಗಬಹುದೆಂಬದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಧಾರವಾಡದ ನಿಲಯ ಆರಂಭವಾದದ್ದು 1950ನೆಯ ಜನವರಿ 8ರಂದು. ಆಗ ಈ ಊರು ಮುಂಬಯಿ ರಾಜ್ಯದಲ್ಲಿತ್ತು. ದಿಲ್ಲಿಯಲ್ಲಿ ವಾರ್ತಾ ಮತ್ತು ಪ್ರಸಾರದ ಖಾತೆ ಧಾರವಾಡದವರೇ ಆದ ರಂಗನಾಥ ದಿವಾಕರರ ಕೈಯಲ್ಲಿತ್ತು. ಮುಂದೆ ವರಕವಿ ಬೇಂದ್ರೆಯವರು ಈ ನಿಲಯದ ಸಲಹೆಗಾರರಾದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತದ ಸಲಹೆಗಾರರಾದರು. ಮಾತಿಗೆ ಒಬ್ಬ ಯಜಮಾನ, ನಾದಕ್ಕೆ ಒಬ್ಬ ಯಜಮಾನ ಎಂಬಂತಿತ್ತು.

ಬಾನುಲಿಯ ಸ್ಟುಡಿಯೋ ನಮಗೆ ಕಲಿಸಿದ ಪಾಠ ಯಾವದು? ಧ್ವನಿಯ ದಾರಿಯನ್ನು ಹಂತಹಂತವಾಗಿ ಬೇರ್ಪಡಿಸಿ ನೋಡುವ ಪಾಠ. ಕಲಾವಿದರು ಕೂಡುವ ಕೋಣೆ ಬೇರೆ. ಅದರ ಗೋಡೆಗಳಿಗೆ ಧ್ವನಿ ಹೀರುವ ಹೊದಿಕೆ. ಗಾಜಿನ ಆಚೆ ನಿಯಂತ್ರಣದ ಕೋಣೆ. ಅಲ್ಲಿ ಕುಳಿತವನ ಕಿವಿಯ ಮೇಲೆ ಹೆಡ್‌ಫೋನು, ಕಣ್ಣೆದುರಿಗೆ ಅಳತೆಯ ಮುಳ್ಳು, ಬೆರಳ ಕೆಳಗೆ ಗುಬುಟಿ. ಗಾಯಕ ತಾರಸಪ್ತಕಕ್ಕೆ ಏರುವ ಮೊದಲೇ ಅವನ ಬೆರಳು ಗುಬುಟಿಯನ್ನು ತುಸು ಇಳಿಸಬೇಕು. ಹಾಡಿನ ಜ್ಞಾನವಿಲ್ಲದವನಿಂದ ಈ ಕೆಲಸವಾಗದು.

ಇದೇ ಕಾಲಕ್ಕೆ ಟೇಪು ಬಂದಿತು. ಉಕ್ಕಿನ ತಂತಿಯ ಮೇಲೆ ಅಯಸ್ಕಾಂತದಿಂದ ಧ್ವನಿ ಹಿಡಿಯುವ ಬಗೆಯನ್ನು ಡೆನ್ಮಾರ್ಕಿನ ಪೌಲ್ಸೆನ್ನರು 1898ರಲ್ಲಿಯೇ ತೋರಿಸಿದ್ದರು. 1935ರಲ್ಲಿ ಬರ್ಲಿನ್ನಿನ ಬಾನುಲಿ ಪ್ರದರ್ಶನದಲ್ಲಿ ಜರ್ಮನರು ಟೇಪಿನ ಯಂತ್ರವನ್ನು ಮುಂದಿಟ್ಟರು. ಮಹಾಯುದ್ಧ ಮುಗಿದ ಮೇಲೆ ಅದು ಲೋಕದ ಬಾನುಲಿಗಳನ್ನೆಲ್ಲ ಹೊಕ್ಕಿತು. ಮೂರು ಮಿನಿಟಿನ ಕಟ್ಟು ಹರಿಯಿತು. ಅರ್ಧ ತಾಸಿನ ಖ್ಯಾಲು ಒಂದೇ ಓಟದಲ್ಲಿ ನಿಂತಿತು. ಆದರೆ ಟೇಪಿಗೆ ಒಂದು ಶಾಪವೂ ಇತ್ತು: ಅದನ್ನು ಅಳಿಸಿ ಮತ್ತೆ ಬಳಸಬಹುದು. ತಟ್ಟೆ ಒಡೆದರೆ ಸದ್ದಾಗುತ್ತದೆ. ಟೇಪು ಅಳಿದರೆ ಯಾರಿಗೂ ಗೊತ್ತಾಗುವದಿಲ್ಲ.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಕನ್ನಡದ ಮನೆಮನೆಗೆ ಬಂದ ಮೇಲೆ ಭಾವಗೀತೆಯ ಹೊಸ ಯುಗವೇ ತೆರೆಯಿತು. ಕ್ಯಾಸೆಟ್ಟು ಬರಿಯ ಕೇಳುವ ಸಾಧನವಾಗಿರಲಿಲ್ಲ. ಕೆಂಪು ಗುಂಡಿ ಒತ್ತಿದರೆ ಮನೆಯವರ ಧ್ವನಿಯನ್ನೂ ಹಿಡಿಯುತ್ತಿತ್ತು. ಮಗುವಿನ ತೊದಲು, ಅಜ್ಜನ ಪುರಾಣ, ಶ್ರಾವಣದ ಭಜನೆ, ಮನೆಯ ಬೈಠಕ್ಕು ಇವೆಲ್ಲ ಅದರಲ್ಲಿ ಸೇರಿದವು. ತಮ್ಮ ಅಲಮಾರಿನಲ್ಲಿಯೂ ಅಂಥವು ನಾಲ್ಕಾರು ಇದ್ದಾವು. ಮಳೆಗಾಲದ ತೇವಕ್ಕೆ ಅವುಗಳ ಮೇಲೆ ಬೂಷ್ಟು ಏರುತ್ತಿರುತ್ತದೆ, ಲೇಪ ಉದುರುತ್ತಿರುತ್ತದೆ ಎಂಬದನ್ನು ಮರೆಯಬೇಡಿರಿ.

ಧ್ವನಿ ಅಂಕಿಯಾಯಿತು

ಇನ್ನು ಕೊನೆಯ ತಿರುವು. 1937ರಲ್ಲಿ ಅಲೆಕ್ ರೀವ್ಸ್ ಎಂಬ ಇಂಗ್ಲೀಷ್ ಎಂಜಿನಿಯರರು ಧ್ವನಿಯನ್ನು ಅಂಕಿಗಳಾಗಿ ಕಳಿಸುವ ವಿಚಾರವನ್ನು ಕಂಡುಹಿಡಿದರು. ಅಲೆಯ ಎತ್ತರವನ್ನು ಅತಿ ವೇಗವಾಗಿ ಮತ್ತೆ ಮತ್ತೆ ಅಳೆದು, ಆ ಅಳತೆಗಳನ್ನು ಬರೆದಿಡುವದು. ಬೇಕಾದಾಗ ಅಳತೆಗಳಿಂದ ಅಲೆಯನ್ನು ಮರಳಿ ಕಟ್ಟುವದು. ನಾವು ಕೇಳುವ ಅತಿ ಎತ್ತರದ ಕಂಪನ ಸೆಕೆಂಡಿಗೆ 20,000. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಏನೂ ಕಳೆಯುವದಿಲ್ಲವೆಂದು ಗಣಿತ ಹೇಳುತ್ತದೆ. ಜಪಾನಿನ ಬಾನುಲಿಯಾದ ಎನ್.ಎಚ್.ಕೆ. 1960ರ ದಶಕದಲ್ಲಿ ಇದನ್ನು ಯಂತ್ರವಾಗಿ ಮಾಡಿ ತೋರಿಸಿತು. 1982ರಲ್ಲಿ ಸಿ.ಡಿ. ಮಾರಾಟಕ್ಕೆ ಬಂದಿತು, ಅದರಲ್ಲಿ ಸೆಕೆಂಡಿಗೆ 44,100 ಅಳತೆಗಳು. ಕಂಪ್ಯೂಟರಿಗೆ ಸಾಮಾನುಗಳನ್ನು ಜೋಡಿಸುವ ಯು.ಎಸ್.ಬಿ. ಎಂಬ ಸರಳ ತಂತಿಯ ಪದ್ಧತಿ 1996ರಲ್ಲಿ ಬಂದಿತು. ಇವೆರಡರ ಕೂಡುವಿಕೆಯಿಂದ ಮನೆಯ ಆಡಿಯೋ ಇಂಟರ್‌ಫೇಸ್ ಸಾಧ್ಯವಾಯಿತು.

ಅದರೊಳಗೆ ಇರುವದೇನು? ಬಾನುಲಿಯ ನಿಯಂತ್ರಣದ ಕೋಣೆಯೇ. ಮೈಕಿನ ವರ್ಧಕ ಇದೆ, ಅದರ ಗುಬುಟಿಗೆ ಗೇನ್ ಎನ್ನುತ್ತಾರೆ. ಅಳತೆಯ ಮುಳ್ಳಿನ ಬದಲು ಹಸಿರು-ಕೆಂಪು ದೀಪಗಳಿವೆ. ಅಲೆಯನ್ನು ಅಂಕಿ ಮಾಡುವ, ಅಂಕಿಯನ್ನು ಮತ್ತೆ ಅಲೆ ಮಾಡುವ ಭಾಗಗಳಿವೆ. ಹೆಡ್‌ಫೋನಿಗೆ ಒಂದು ಬಾಯಿ ಇದೆ.

ಕೈಯಲ್ಲಿ ಫೋನಿರುವಾಗ ಇದು ಏಕೆ ಎಂದು ತಾವು ಕೇಳಬಹುದು. ಆತುರಕ್ಕೆ ಫೋನು ಸಾಕು. ಏನೂ ಇಲ್ಲದಿರುವದಕ್ಕಿಂತ ಅದು ಎಷ್ಟೋ ಮೇಲು. ಆದರೆ ಅನೇಕ ಫೋನುಗಳನ್ನು ಮಾತಿಗಾಗಿ ಹದಗೊಳಿಸಿರುತ್ತಾರೆ. ಮೆಲುದನಿಯನ್ನು ಅದು ತಾನೇ ಏರಿಸುತ್ತದೆ, ದೊಡ್ಡ ದನಿಯನ್ನು ತಾನೇ ಇಳಿಸುತ್ತದೆ. ಒಂದೇ ಸಮನೆ ಕೇಳಿಬರುವ ಸದ್ದನ್ನು ಗದ್ದಲವೆಂದು ತಿಳಿದು ಅದುಮುತ್ತದೆ. ನಮ್ಮ ಸಂಗೀತದಲ್ಲಿ ಒಂದೇ ಸಮನೆ ಕೇಳಿಬರುವದು ಯಾವದು? ತಂಬೂರಿ! ಶ್ರುತಿಯನ್ನೇ ಗದ್ದಲವೆಂದು ತೆಗೆದುಹಾಕುವ ಯಂತ್ರಕ್ಕೆ ಖ್ಯಾಲನ್ನು ಹೇಗೆ ಒಪ್ಪಿಸುವದು? ಇಂಟರ್‌ಫೇಸ್ ಹೀಗೆ ತನ್ನ ಬುದ್ಧಿ ಓಡಿಸುವದಿಲ್ಲ. ಕೊಟ್ಟದ್ದನ್ನು ಕೊಟ್ಟಂತೆ ಹಿಡಿಯುತ್ತದೆ.

ಆರಿಸುವ ಬಗೆ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿರಿ.

ಮೊದಲನೆಯದು: ಒಮ್ಮೆಗೆ ಎಷ್ಟು ಮೈಕು ಬೇಕು? ಒಬ್ಬರ ಮಾತು ಇಲ್ಲವೆ ತಾವೇ ಹಾರ್ಮೋನಿಯಂ ಹಿಡಿದು ಹಾಡುವದಾದರೆ ಎರಡು ಮೈಕಿನ ಬಾಯಿಗಳಿರುವ ಪೆಟ್ಟಿಗೆ ಸಾಕು. ಗಾಯನ, ತಬಲಾ, ಹಾರ್ಮೋನಿಯಂ, ತಂಬೂರಿ ಇವನ್ನು ಬೇರೆ ಬೇರೆಯಾಗಿ ಹಿಡಿಯಬೇಕೆಂದರೆ ನಾಲ್ಕು ಬೇಕು. ಆದರೆ ಒಳ್ಳೆಯ ಸ್ಥಳದಲ್ಲಿಟ್ಟ ಎರಡು ಮೈಕುಗಳಿಂದ ಇಡೀ ಬೈಠಕ್ಕನ್ನು ಹಿಡಿಯಬಹುದು. ಹಿಂದಿನ ಅನೇಕ ಒಳ್ಳೆಯ ಮುದ್ರಣಗಳು ಒಂದೇ ಮೈಕಿನವು. ಆದುದರಿಂದ ದೊಡ್ಡ ಪೆಟ್ಟಿಗೆಯ ಆಶೆಗೆ ಬೀಳಬೇಡಿರಿ.

ಎರಡನೆಯದು: ಮೈಕು ಯಾವ ಜಾತಿಯದು? ಡೈನಮಿಕ್ ಮೈಕು ಗಟ್ಟಿಮುಟ್ಟಾದದ್ದು, ಹತ್ತಿರದ ಧ್ವನಿಯನ್ನು ಹಿಡಿಯುವದು, ಹೊರಗಿನ ಗದ್ದಲವನ್ನು ಅಷ್ಟಾಗಿ ಒಳಗೆ ಬಿಡದು. ಆದರೆ ಮೆಲುದನಿಗೆ ಅದು ತುಂಬ ವರ್ಧನೆ ಬೇಡುತ್ತದೆ. ಕಂಡೆನ್ಸರ್ ಮೈಕು ಸೂಕ್ಷ್ಮವಾದದ್ದು, ಉಸಿರನ್ನೂ ಹಿಡಿಯುವದು. ಸ್ಟುಡಿಯೋದ ಕಂಡೆನ್ಸರಿಗೆ 48 ವೋಲ್ಟಿನ ವಿದ್ಯುತ್ತು ಬೇಕು. ಅದನ್ನು ಮೈಕಿನ ತಂತಿಯಲ್ಲಿಯೇ ಕಳಿಸುವ ಸೋಯಿಗೆ ಫ್ಯಾಂಟಮ್ ಪವರ್ ಎಂದು ಹೆಸರು. 48 ಎಂಬ ಅಂಕಿಯ ಕಥೆಯೂ ಬಾನುಲಿಯದೇ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿಯವರು ನಾರ್ವೆ ದೇಶದ ಬಾನುಲಿಗೆ ಹೊಸ ಮೈಕು ಮಾಡಿಕೊಟ್ಟರು. ಚಳಿಗಾಲದಲ್ಲಿ ಕತ್ತಲೆಯೇ ಹೆಚ್ಚಾದ ಆ ದೇಶದ ಸ್ಟುಡಿಯೋಗಳಲ್ಲಿ ಆಪತ್ಕಾಲದ ದೀಪಗಳಿಗಾಗಿ 48 ವೋಲ್ಟಿನ ಏರ್ಪಾಡು ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿದರು. ಇಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಕೊಂಡ ಪೆಟ್ಟಿಗೆಯ ಮೇಲೂ 48 ಎಂದು ಬರೆದ ಗುಂಡಿ ಇರುತ್ತದೆ.

ಮೂರನೆಯದು: ಹಳೆಯ ಕ್ಯಾಸೆಟ್ಟು-ಟೇಪುಗಳನ್ನೂ ಉಳಿಸಬೇಕಾಗಿದೆಯೆ? ಹಾಗಿದ್ದರೆ ಲೈನ್ ಎಂಬ ಬಾಯಿಗಳು ಎರಡು ಇರಲೇಬೇಕು. ಟೇಪಿನ ಯಂತ್ರದಿಂದ ಬರುವ ವಿದ್ಯುತ್ತು ಮೈಕಿನದಕ್ಕಿಂತ ನೂರಾರು ಪಟ್ಟು ದೊಡ್ಡದು. ಅದನ್ನು ಮೈಕಿನ ಬಾಯಿಗೆ ಕೊಟ್ಟರೆ ಧ್ವನಿ ಒಡೆಯುತ್ತದೆ. ಆಗ 48ರ ಗುಂಡಿಯನ್ನೂ ಆರಿಸಿರಬೇಕು.

ನಾಲ್ಕನೆಯದು: ತಮ್ಮ ಕಂಪ್ಯೂಟರಿಗೆ ಇದು ಒಗ್ಗುವದೆ? ಬೇರೆ ತಂತ್ರಾಂಶವಿಲ್ಲದೆಯೇ ನಡೆಯುವ ಪೆಟ್ಟಿಗೆಗಳು ಫೋನಿಗೂ ಹೊಂದುತ್ತವೆ. ವಿಂಡೋಸ್ ಕಂಪ್ಯೂಟರಿದ್ದರೆ, ತಯಾರಕರೇ ಕೊಡುವ ಎ.ಎಸ್.ಐ.ಒ. ಎಂಬ ಚಾಲಕ ತಂತ್ರಾಂಶ ಇದೆಯೆ ಎಂದು ಕೇಳಿರಿ. ಕಂಪನಿಯ ಹೆಸರಿಗಿಂತ ಈ ಉತ್ತರ ಮುಖ್ಯ.

ಸೆಕೆಂಡಿಗೆ 1,92,000 ಅಳತೆ ಎಂದು ಜಾಹೀರಾತು ಹೇಳಿದರೆ ಮರುಳಾಗಬೇಡಿರಿ. 48,000 ಸಾಕು. ಆದರೆ ಒಂದೊಂದು ಅಳತೆಯೂ 24 ಬಿಟ್ಟಿನದಾಗಿರಲಿ. 16 ಬಿಟ್ಟಿನಲ್ಲಿ ಅಲೆಯ ಎತ್ತರಕ್ಕೆ 65,536 ಮೆಟ್ಟಲುಗಳು. 24 ಬಿಟ್ಟಿನಲ್ಲಿ 1,67,77,216. ಮೆಟ್ಟಲು ಹೆಚ್ಚಿದ್ದರೆ ಧ್ವನಿಯನ್ನು ತಗ್ಗಿನಲ್ಲಿ ಹಿಡಿದು ಆಮೇಲೆ ಏರಿಸಿದರೂ ಮರಮರ ಸದ್ದು ಏಳುವದಿಲ್ಲ. ಇದರ ಪ್ರಯೋಜನ ಈಗ ಹೇಳುತ್ತೇನೆ.

ಹೂಡುವ ಬಗೆ

ಮೊದಲು ಕೋಣೆ. ಎಷ್ಟು ಬೆಲೆಯ ಪೆಟ್ಟಿಗೆಯಾದರೂ ಕೋಣೆಯ ಕೆಡುಕನ್ನು ತಿದ್ದಲಾರದು. ಬರಿಗೋಡೆ, ಶಹಾಬಾದಿ ಫರಸಿ, ಕಿಡಕಿಯ ಗಾಜು ಇವೆಲ್ಲ ಧ್ವನಿಯನ್ನು ಮರಳಿ ಎಸೆಯುತ್ತವೆ. ನೆಲಕ್ಕೆ ಜಮಖಾನೆ ಹಾಸಿರಿ. ಗಾಯಕರ ಹಿಂದೆ ಒಂದು ಹಗ್ಗ ಕಟ್ಟಿ ನಮ್ಮ ಅಜ್ಜಿಯಂದಿರು ಹೊಲಿದ ದಪ್ಪ ಕೌದಿಗಳನ್ನು ಇಳಿಬಿಡಿರಿ. ಪದರುಪದರಾದ ಹಳೆಯ ಅರಿವೆಗಿಂತ ಒಳ್ಳೆಯ ಧ್ವನಿಹೀರುಕ ಮನೆಯಲ್ಲಿ ಇನ್ನೊಂದಿಲ್ಲ. ಪಂಖಾ ಆರಿಸಿರಿ, ಫ್ರಿಜ್ಜು ಇನ್ನೊಂದು ಕೋಣೆಯಲ್ಲಿರಲಿ. ಕುಕ್ಕರಿನ ಸೀಟಿಗೂ ರಸ್ತೆಯ ಹಾರ್ನಿಗೂ ಬಿಡುವಿರುವ ಹೊತ್ತನ್ನು ಆರಿಸಿಕೊಳ್ಳಿರಿ.

ಎರಡನೆಯದು ಮೈಕಿನ ಸ್ಥಳ. ಮಾತಿಗಾದರೆ ಬಾಯಿಂದ ಒಂದು ಗೇಣು. ಹಾಡಿಗಾದರೆ ಒಂದೂವರೆ, ಎರಡು ಗೇಣು. ದೂರ ಇಮ್ಮಡಿಯಾದರೆ ನೇರ ಧ್ವನಿಯ ಅಲೆ ಅರ್ಧಕ್ಕಿಳಿಯುತ್ತದೆ, ಕೋಣೆಯ ಮಾರ್ದನಿ ಮಾತ್ರ ಅಷ್ಟೇ ಉಳಿಯುತ್ತದೆ. ಮೈಕನ್ನು ತುಟಿಯ ನೇರಕ್ಕಿಡದೆ ತುಸು ಬದಿಗೆ ಇಡಿರಿ. ಇಲ್ಲವಾದರೆ ಪಕಾರ-ಭಕಾರಗಳ ಗಾಳಿ ಗುಡುಗಿನಂತೆ ಬೀಳುತ್ತದೆ. ಮೈಕಿನ ಬೆನ್ನು ಕಿಡಕಿಯ ಕಡೆಗಿರಲಿ.

ಮೂರನೆಯದು ಗೇನ್. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ನಮ್ಮ ಸೋದರತ್ತೆಯ ಬೀಸುಕಲ್ಲಿನ ಪದಗಳನ್ನು ಹಿಡಿಯಲು ಕುಳಿತಾಗ, ಆಕೆ ಮೊದಲು ಮೆಲ್ಲಗೆ ಹಾಡಿದಳೆಂದು ನಾನು ಗುಬುಟಿಯನ್ನು ತೀರ ಏರಿಸಿಟ್ಟೆ. ಮೂರನೆಯ ಪದಕ್ಕೆ ಆಕೆಗೆ ತವರು ನೆನಪಾಗಿ ಧ್ವನಿ ತುಂಬಿ ಬಂದಿತು. ದೀಪ ಕೆಂಪಾದದ್ದನ್ನು ನಾನು ನೋಡಲಿಲ್ಲ. ಆಕೆಯ ಮುಖ ನೋಡುತ್ತಿದ್ದೆ. ಆ ಪದವೆಲ್ಲ ಹರಿದ ಅರಿವೆಯಂತೆ ಕರಕರ ಒಡೆದು ನಿಂತಿತು. ಮತ್ತೊಮ್ಮೆ ಹಾಡಿಸಿದರಾಯಿತೆಂದುಕೊಂಡೆ. ಆ ಮತ್ತೊಮ್ಮೆ ಬರಲಿಲ್ಲ. ಆ ವರ್ಷದ ದೀಪಾವಳಿಗೆ ಆಕೆ ಇರಲಿಲ್ಲ. ಅಂಕಿಯ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ಲೆಂಬದು ಮಾಡು. ಅದಕ್ಕೆ ತಲೆ ತಾಗಿದ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಅದನ್ನು ಮರಳಿ ತರಲಾಗದು. ಆದುದರಿಂದ ಹಾಡುವವರಿಗೆ ಅತಿ ಗಟ್ಟಿಯಾದ ಜಾಗವನ್ನೇ ಮೊದಲು ಹಾಡಿಸಿ, ಆಗ ಅಳತೆ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಗುಬುಟಿಯನ್ನು ಹದಮಾಡಿರಿ. 24 ಬಿಟ್ಟಿನ ಮೆಟ್ಟಲುಗಳು ಇರುವದೇ ಈ ಧೈರ್ಯಕ್ಕಾಗಿ.

ನಾಲ್ಕನೆಯದು ತಡ. ಕಂಪ್ಯೂಟರು ಅಂಕಿಗಳನ್ನು ಬುಟ್ಟಿ ಬುಟ್ಟಿಯಾಗಿ ಹೊರುತ್ತದೆ. ಈ ಬುಟ್ಟಿಗೆ ಬಫರ್ ಎನ್ನುತ್ತಾರೆ. 256 ಅಳತೆಗಳ ಬುಟ್ಟಿ ತುಂಬಲು ಸೆಕೆಂಡಿನ ಸಾವಿರದಲ್ಲಿ ಐದು ಪಾಲಿಗಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಗಾಳಿಯಲ್ಲಿ ಧ್ವನಿ ಆರು ಅಡಿ ನಡೆಯುತ್ತದೆ; ಎಂದರೆ ತಬಲಜಿ ಆರು ಅಡಿ ದೂರ ಕುಳಿತಂತೆ. 1,024ರ ಬುಟ್ಟಿಯಾದರೆ ಇಪ್ಪತ್ನಾಲ್ಕು ಅಡಿ ದೂರ ಕುಳಿತಂತೆ, ಲಯ ಜಾರುತ್ತದೆ. ಹೋಗುವಾಗ ಒಂದು, ಬರುವಾಗ ಒಂದು ಬುಟ್ಟಿ ಎಂದು ತಡ ಇಮ್ಮಡಿಯೂ ಆಗುವದು. ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುವವರು ಸಣ್ಣ ಬುಟ್ಟಿಯನ್ನು ಆರಿಸಬೇಕು. ಇಲ್ಲವೆ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಒತ್ತಿದರೆ ಧ್ವನಿ ಕಂಪ್ಯೂಟರಿಗೆ ಹೋಗದೆ ಪೆಟ್ಟಿಗೆಯಿಂದಲೇ ಕಿವಿಗೆ ಬರುತ್ತದೆ. ಬರಿಯ ಮಾತನ್ನೊ ಹಳೆಯ ಟೇಪನ್ನೊ ಹಿಡಿಯುವಾಗ ದೊಡ್ಡ ಬುಟ್ಟಿಯೇ ನಿಶ್ಚಿಂತೆ.

ಐದನೆಯದು ಗುಂಯ್ ಎಂಬ ಸದ್ದು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುವಂಥದು. ಅದರ ಛಾಯೆ ತಂತಿಗಳಿಗೆ ಬಿದ್ದರೆ ಕೆಳಷಡ್ಜದಂತೆ ಗುನುಗುತ್ತದೆ. ಲ್ಯಾಪ್‌ಟಾಪಿನ ಚಾರ್ಜರು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿರಿ. ಎಷ್ಟೋ ಸಲ ಅಷ್ಟರಿಂದಲೇ ನಿಲ್ಲುತ್ತದೆ. ಮೈಕಿನ ತಂತಿ ಮೂರು ಮುಳ್ಳಿನ ಎಕ್ಸ್.ಎಲ್.ಆರ್. ಆಗಿರಲಿ, ಅದರ ಎರಡು ಒಳತಂತಿಗಳು ಹೊರಗಿನ ಗದ್ದಲವನ್ನು ಒಂದಕ್ಕೊಂದು ಹೊಡೆದುಹಾಕುತ್ತವೆ. ಆದರೆ ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ಥಿಂಗ್ ಮುಳ್ಳನ್ನು ಎಂದೂ ಮುರಿಯಬೇಡಿರಿ. ಅದು ಜೀವ ಕಾಯುವ ಮುಳ್ಳು.

ಹಳೆಯ ಕ್ಯಾಸೆಟ್ಟಿಗೆ ಕೈ ಹಾಕುವ ಮೊದಲು ಯಂತ್ರದ ತಲೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರಸಿರಿ. ಟೇಪಿನ ಮೇಲೆ ಬಿಳಿಯ ಬೂಷ್ಟು ಕಂಡರೆ ತಾವೇ ಓಡಿಸದೆ ಬಲ್ಲವರಿಗೆ ಒಪ್ಪಿಸಿರಿ. ಕ್ಷೇಮವಾದದ್ದನ್ನು ಒಮ್ಮೆ ತುದಿಯಿಂದ ತುದಿಗೆ ಸುತ್ತಿ ಸಡಿಲಮಾಡಿ ಆಮೇಲೆ ಹಿಡಿಯಿರಿ. ಮೊದಲ ಓಟದಲ್ಲಿಯೇ ಹಿಡಿಯಿರಿ. ಎರಡನೆಯ ಓಟಕ್ಕೆ ಅದು ಬಾಳದೆ ಹೋಗಬಹುದು.

ಹಿಡಿದದ್ದನ್ನು ಉಳಿಸುವದು

ಹಿಡಿದ ಧ್ವನಿಯನ್ನು ವೇವ್ ಕಡತವಾಗಿಯೇ ಇಡಿರಿ. ಒಂದು ಮೈಕಿನ ಒಂದು ತಾಸಿಗೆ ಸುಮಾರು 520 ಮೆಗಾಬೈಟ್ ಜಾಗ ಬೇಕು. ಇಂದಿನ ದಿನಕ್ಕೆ ಅದು ದೊಡ್ಡದಲ್ಲ. ಕಿರಿದುಮಾಡಿದ ಪ್ರತಿಯನ್ನು ನೆಂಟರಿಗೆ ಕಳಿಸಿರಿ, ಮೂಲವನ್ನು ಹಾಗೆಯೇ ಕಾಯಿರಿ. ಪ್ರತಿ ಎರಡಾದರೂ ಇರಲಿ, ಮತ್ತು ಅವೆರಡೂ ಒಂದೇ ಮನೆಯಲ್ಲಿರದಿರಲಿ.

ಈಗ ಗೌಹರ್ ಜಾನಳ ಪದ್ಧತಿ. ಪ್ರತಿಯೊಂದು ಮುದ್ರಣದ ಕೊನೆಗೆ ಹಾಡಿದವರಿಂದಲೇ ಅವರ ಹೆಸರು, ಊರು, ತಾರೀಖು ಹೇಳಿಸಿರಿ. ಪದವನ್ನು ಯಾರಿಂದ ಕಲಿತರೆಂಬದನ್ನೂ ಹೇಳಿಸಿರಿ. ಕಡತದ ಹೆಸರು ಬದಲಾದೀತು, ಚೀಟಿ ಹರಿದೀತು. ಧ್ವನಿಯೊಳಗೆ ಸೇರಿದ ಹೆಸರು ಧ್ವನಿಯಿರುವ ತನಕ ಇರುವದು. ನೂರು ವರ್ಷಗಳ ಹಿಂದಿನ ತಟ್ಟೆ ಇಂದಿಗೂ ತನ್ನ ಒಡತಿಯ ಗುರುತನ್ನು ತಾನೇ ಹೇಳುತ್ತಿದೆ.

ಹುಬ್ಬಳ್ಳಿಯ ಗಾಂಧಾರಿಗೆ ಮೂರು ಮಿನಿಟು ಸಿಕ್ಕಿತ್ತು. ಭಾಸ್ಕರಬುವಾ ಅವರಿಗೆ ಅದೂ ಸಿಗಲಿಲ್ಲ. ತಮ್ಮ ಮನೆಯಲ್ಲಿ ಸೋಬಾನೆ ಬಲ್ಲ ಅಜ್ಜಿಯಿದ್ದರೆ, ಬಯಲಾಟದ ಪದ ಬಲ್ಲ ದೊಡ್ಡಪ್ಪನಿದ್ದರೆ, ಎಳೆಯ ಕಂಠದ ಮಗುವಿದ್ದರೆ, ಅವರಿಗೆ ಬೇಕಾದಷ್ಟು ಹೊತ್ತನ್ನು ತಾವು ಕೊಡಬಲ್ಲಿರಿ. ಪೆಟ್ಟಿಗೆ ಕೊಳ್ಳುವದು ಮುಂದಿನ ತಿಂಗಳಿಗಾದರೂ ಅಡ್ಡಿಯಿಲ್ಲ, ಆದರೆ ಅಜ್ಜಿಯನ್ನು ಹಾಡಿಸುವದನ್ನು ಮುಂದೂಡಬೇಡಿರಿ. ಈ ರವಿವಾರ ಮಧ್ಯಾಹ್ನ ಪಂಖಾ ಆರಿಸಿ, ಕೌದಿ ಕಟ್ಟಿ, ಫೋನನ್ನಾದರೂ ಹಿಡಿದು ಕುಳಿತುಕೊಳ್ಳಿರಿ.